ಬೈಬಲಿನ ನಾಯಕರನ್ನು ಶಾಲೆಯ ಮಕ್ಕಳಿಗೆ ಹೇಳುವಾಗ ಅವರ ತಪ್ಪುಗಳನ್ನೂ ಹೇಳ್ತೀರಾ?

ಕೊನೇ ಪೀರಿಯಡ್ ಟೀಚರ್ (ಉಡುಪಿ ಕಡೆ)

ಎಲ್ಲರಿಗೂ ನಮಸ್ಕಾರ. ನಾನು ಕರಾವಳಿಯ ಒಂದು ಅನುದಾನಿತ ಕನ್ನಡ ಮಾಧ್ಯಮ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತೇನೆ. ಶಾಲೆ ನಡೆಸುವುದು ಕ್ರೈಸ್ತ ಸಂಸ್ಥೆ. ಎಂಟನೇ ಕ್ಲಾಸಿನಲ್ಲಿ 42 ಮಕ್ಕಳು, ಕ್ರಿಶ್ಚಿಯನ್ ಮಕ್ಕಳು ಆರೇ ಜನ. ಈ ವರ್ಷ ಶುಕ್ರವಾರದ ಕೊನೇ ಪೀರಿಯಡ್ ಮೌಲ್ಯ ಶಿಕ್ಷಣಕ್ಕೆ. ಬೈಬಲಿನ ವ್ಯಕ್ತಿಗಳ ಮೂಲಕ ನಾಯಕತ್ವ ಅಂತ ಹತ್ತು ಪಾಠ ಮಾಡಿ ಎಂದು ಹೇಳಿದ್ದಾರೆ. ಒಂದು ಸಣ್ಣ ಪುಸ್ತಿಕೆಯನ್ನೂ ಕೊಟ್ಟಿದ್ದಾರೆ. ಅದರಲ್ಲಿ ಮೋಶೆ ಅಂದರೆ ಧೈರ್ಯ, ದಾವೀದ ಅಂದರೆ ಶೌರ್ಯ, ಯೋಸೇಫ ಅಂದರೆ ಕ್ಷಮೆ. ಪ್ರತಿಯೊಬ್ಬರಿಗೂ ಒಂದು ಗುಣ, ಕೊನೆಗೆ ಐದು ಬಿಟ್ಟ ಸ್ಥಳ ತುಂಬಿ.

ಮೊದಲ ಶುಕ್ರವಾರ ಹಾಗೆಯೇ ಮಾಡಿದೆ. ಎರಡನೇ ವಾರ ಉತ್ತರ ಬರೆಸಿದಾಗ ಹೆಚ್ಚುಕಡಿಮೆ ಎಲ್ಲ ಮಕ್ಕಳೂ ‘ಧೈರ್ಯ, ಸಹನೆ, ನಂಬಿಕೆ’ ಅಂತ ಬರೆದಿದ್ದರು. ಯಾರ ಬಗ್ಗೆ ಕೇಳಿದರೂ ಅದೇ ಮೂರು ಪದ.

ಅಷ್ಟರಲ್ಲಿ ಕಿಟಕಿ ಪಕ್ಕ ಕೂರುವ ಹುಡುಗ ಎದ್ದು ನಿಂತ. ತುಂಬ ಮಾತಾಡುವವನಲ್ಲ. "ಟೀಚರ್, ಮೋಶೆ ಒಬ್ಬನನ್ನು ಕೊಂದು ಮರಳಲ್ಲಿ ಹೂತು ಹಾಕಿದ್ದಾನೆ ಅಲ್ವಾ? ನನ್ನ ಅಜ್ಜಿ ಹೇಳಿದ್ದು" ಅಂದ. ಕ್ಲಾಸು ಗಪ್‌ಚಿಪ್. ನಾನು "ಅದು ಬೇರೆ ವಿಷಯ, ಆಮೇಲೆ ಹೇಳ್ತೇನೆ" ಅಂದುಬಿಟ್ಟೆ. ಅವನು ಕೂತ. ಆದರೆ ಅವನ ಮುಖ ನೋಡಿದರೆ ಗೊತ್ತಾಗುತ್ತಿತ್ತು, ನಾನು ಹೇಳುವುದಿಲ್ಲ ಅಂತ ಅವನಿಗೆ ಖಾತ್ರಿಯಾಗಿತ್ತು.

ಆ ಮುಖ ನನ್ನನ್ನು ಬಿಟ್ಟಿಲ್ಲ. ಈ ಕೆಲಸ ಮಾಡಿದವರು ಹೇಳಿ. ಇವರನ್ನು ಮಾದರಿ ಅಂತ ತೋರಿಸುವಾಗ ತಪ್ಪುಗಳನ್ನು ಏನು ಮಾಡುವುದು? ಬೇರೆ ಬೇರೆ ಮನೆಯಿಂದ ಬಂದ ಮಕ್ಕಳ ಮುಂದೆ ಇದನ್ನು ಸರಿಯಾಗಿ ಮಾಡುವುದು ಹೇಗೆ?

ಹಳೇ ಹೆಡ್‌ಮಾಸ್ಟರ್ (ಮಂಗಳೂರು)

ಟೀಚರ್, ಆ ಹುಡುಗನಿಗೆ ಮುಂದಿನ ಶುಕ್ರವಾರವೇ ಉತ್ತರ ಕೊಡಿ. ತಡ ಮಾಡಬೇಡಿ.

ಅವನ ಅಜ್ಜಿ ಹೇಳಿದ್ದು ಸರಿಯೇ. ವಿಮೋಚನಕಾಂಡದ ಎರಡನೇ ಅಧ್ಯಾಯದಲ್ಲಿ ಅದು ಉಂಟು. ಮೋಶೆ ಆಚೀಚೆ ನೋಡುತ್ತಾನೆ, ಯಾರೂ ಕಾಣುವುದಿಲ್ಲ, ಐಗುಪ್ತದ, ಅಂದರೆ ಈಜಿಪ್ಟಿನ, ಒಬ್ಬನನ್ನು ಹೊಡೆದು ಕೊಂದು ಮರಳಲ್ಲಿ ಮುಚ್ಚುತ್ತಾನೆ. ಮರುದಿನ ಅವನದೇ ಜನರಾದ ಇಬ್ಬರು ಇಬ್ರಿಯರು ಜಗಳ ಆಡುವಾಗ ಬಿಡಿಸಲು ಹೋದರೆ ಅವರಲ್ಲೊಬ್ಬ ಕೇಳುತ್ತಾನೆ, ನಿನ್ನನ್ನು ನಮ್ಮ ಮೇಲೆ ಅಧಿಕಾರಿ, ನ್ಯಾಯಾಧಿಪತಿ ಮಾಡಿದವರು ಯಾರು ಅಂತ. ಈ ಪ್ರಶ್ನೆಯನ್ನು ಕಪ್ಪುಹಲಗೆಯ ಮೇಲೆ ಬರೆದು ಹಾಗೇ ಬಿಡಿ, ಅಳಿಸಬೇಡಿ.

ಆಮೇಲೆ ನೇರ ಹದಿನೆಂಟನೇ ಅಧ್ಯಾಯಕ್ಕೆ ಬನ್ನಿ. ಅದೇ ಮೋಶೆ ಈಗ ಆ ಜನರ ನಾಯಕನಾಗಿ ಬೆಳಿಗ್ಗೆಯಿಂದ ಸಾಯಂಕಾಲದವರೆಗೆ ಒಬ್ಬನೇ ಕೂತು ಎಲ್ಲರ ವ್ಯಾಜ್ಯ ತೀರಿಸುತ್ತಾನೆ. ಜನ ಬಿಸಿಲಲ್ಲಿ ನಿಂತೇ ಇದ್ದಾರೆ. ಮಾವ ಇತ್ರೋನ ಮಿದ್ಯಾನಿನಿಂದ ಬಂದು ಒಂದು ದಿನ ಸುಮ್ಮನೆ ನೋಡಿ, ನೀನು ಮಾಡುತ್ತಿರುವುದು ಒಳ್ಳೆಯದಲ್ಲ, ನೀನೂ ಸೊರಗುತ್ತೀ, ಈ ಜನರೂ ಸೊರಗುತ್ತಾರೆ ಅನ್ನುತ್ತಾನೆ. ಸಾವಿರಕ್ಕೊಬ್ಬ, ನೂರಕ್ಕೊಬ್ಬ, ಐವತ್ತಕ್ಕೊಬ್ಬ, ಹತ್ತಕ್ಕೊಬ್ಬ ಮುಖ್ಯಸ್ಥನನ್ನು ನೇಮಿಸು, ಲಂಚ ಕಂಡರೆ ಹೇಸುವವರನ್ನೇ ಆರಿಸು ಅನ್ನುತ್ತಾನೆ.

ನಾನು ಇದನ್ನು ಓದಿ ಹೇಳುತ್ತಿರಲಿಲ್ಲ. ಒಬ್ಬ ಹುಡುಗಿಯನ್ನು ನನ್ನ ಕುರ್ಚಿಯಲ್ಲಿ ಕೂರಿಸಿ, ಎಲ್ಲರ ಕಾಪಿ ಪುಸ್ತಕವನ್ನೂ ಇವಳೇ ತಿದ್ದಬೇಕು, ಉಳಿದವರು ಸಾಲಲ್ಲಿ ನಿಲ್ಲಿ ಅನ್ನುತ್ತಿದ್ದೆ. ಹತ್ತು ನಿಮಿಷಕ್ಕೆ ಸಾಲು ಕದಲುತ್ತಿತ್ತು, ಹಿಂದಿನವರು ನೂಕಾಡುತ್ತಿದ್ದರು, ಕುರ್ಚಿಯಲ್ಲಿ ಕೂತವಳ ಕಣ್ಣಲ್ಲಿ ನೀರು. ಆಗ ಸಾಲಿನಲ್ಲಿ ಯಾರೋ ಒಬ್ಬರು, "ಸಾರ್, ಅವಳೊಬ್ಬಳಿಗೇ ಯಾಕೆ, ನಾವೂ ನಾಲ್ಕು ಜನ ತಿದ್ದುತ್ತೇವೆ" ಅನ್ನುತ್ತಿದ್ದರು. ಹಾಗೆ ಹೇಳಿದ ಮಗು ಇತ್ರೋನ. ಆ ಮಗುವಿನ ಹೆಸರನ್ನು ನಾನು ಹಲಗೆಯ ಮೇಲೆ ಬರೆಯುತ್ತಿದ್ದೆ, ಮೋಶೆಯಾದವಳ ಹೆಸರನ್ನಲ್ಲ.

ಮೂವತ್ತೊಂದು ವರ್ಷ ಪಾಠ ಮಾಡಿದ ಮೇಲೆ ನನಗೆ ಉಳಿದ ಮಾತು ಇಷ್ಟು. ಮಕ್ಕಳಿಗೆ ನಾಯಕನನ್ನು ತೋರಿಸುವುದಕ್ಕಿಂತ, ನಾಯಕನಿಗೆ ‘ಇದು ಸರಿಯಲ್ಲ’ ಅಂದವರನ್ನು ತೋರಿಸಬೇಕು. ಬೈಬಲಿನಲ್ಲಿ ಅಂಥವರು ಹೆಜ್ಜೆಗೊಬ್ಬರು ಸಿಗುತ್ತಾರೆ.

ಸಾಲಿ ಮಾಸ್ತರ (ಧಾರವಾಡ)

ಹೆಡ್‌ಮಾಸ್ಟರ್ ಸರ್ ಹೇಳಿದ್ದು ನೂರಕ್ಕ ನೂರು ಖರೆ. ನಾ ಒಂದು ಕಥಿ ಸೇರಸ್ತೀನ್ರಿ, ರೆಹಬ್ಬಾಮಂದು. 1 ಅರಸುಗಳು, ಹನ್ನೆರಡನೇ ಅಧ್ಯಾಯ.

ಜೂನ್ ತಿಂಗಳಾಗ ನಮ್ಮ ಸಾಲ್ಯಾಗ ಶಾಲಾ ಸಂಸತ್ತಿನ ಚುನಾವಣಿ ಆಗ್ತೈತಿ. ಮುಖ್ಯಮಂತ್ರಿ, ಶಿಕ್ಷಣ ಮಂತ್ರಿ, ಆರೋಗ್ಯ ಮಂತ್ರಿ, ಆಹಾರ ಮಂತ್ರಿ, ವಿರೋಧ ಪಕ್ಷದ ನಾಯಕ, ಎಲ್ಲಾ ಇರ್ತಾರ. ಪ್ರಮಾಣ ವಚನ ಆದ ಮರುದಿನಾನ ಈ ಕಥಿ ಹೇಳ್ತೀನಿ.

ಇಸ್ರಾಯೇಲಿನ ಅರಸ ಸೊಲೊಮೋನ ತೀರಿಕೊಂಡಾನ. ಮಗ ರೆಹಬ್ಬಾಮ ಶೆಕೆಮಿಗೆ ಬಂದಾನ, ಪಟ್ಟ ಕಟ್ಟಿಸಿಕೊಳ್ಳಾಕ. ಜನ ಬಂದು ಕೇಳ್ತಾರ, ನಿಮ್ಮಪ್ಪ ಹೊರಿಸಿದ ನೊಗ ಭಾಳ ಭಾರ ಆಗೇತಿ, ಒಂದೀಟು ಹಗೂರ ಮಾಡು, ನಿನ್ನ ಮಾತ ಕೇಳಿಕೊಂಡಿರ್ತೀವಿ. ಮೂರು ದಿನ ಬಿಟ್ಟು ಬರ್ರಿ ಅಂತಾನ. ಇಲ್ಲಿ ನಿಲ್ಲಿಸಿ ನಮ್ಮ ಮುಖ್ಯಮಂತ್ರಿಗೆ ಕೇಳ್ತೀನಿ, ಈ ಮೂರು ದಿನದಾಗ ನೀ ಯಾರ ಹತ್ರ ಹೋಗ್ತಿ?

ಅಂವ ಹಿರ್ಯಾರ ಹತ್ರ ಹೋದ. ಇವತ್ತ ನೀ ಈ ಜನರಿಗೆ ಸೇವಕ ಆದ್ರ ಅವರು ಕಾಯಂ ನಿನ್ನ ಸೇವಕರಾಗಿರ್ತಾರ ಅಂದ್ರು. ಅದನ್ನ ಬಿಟ್ಟು ತನ್ನ ಜೊತಿ ಬೆಳದ ಗೆಳ್ಯಾರ ಹತ್ರ ಹೋದ. ಅವರು, ನನ್ನ ಕಿರುಬೆರಳು ನಮ್ಮಪ್ಪನ ನಡುಕಿಂತ ದಪ್ಪ ಐತಿ ಅಂತ ಹೇಳು ಅಂದ್ರು. ಹಂಗ ಹೇಳಿದ. ಹತ್ತು ಕುಲ ಬಿಟ್ಟು ಹೋದವು. ಬಿಟ್ಟಿ ದುಡಿಸೋ ಅಧಿಕಾರೀನ ಕಳಿಸಿದ್ರ ಜನ ಅವನ್ನ ಕಲ್ಲು ಹೊಡದು ಕೊಂದ್ರು. ಅರಸ ರಥ ಹತ್ತಿ ಯೆರೂಸಲೇಮಿಗೆ ಓಡಿದ.

ಇಲ್ಲೊಂದು ಮಾತು. ಭಾಳ ಮಂದಿ ಈ ಕಥೀನ ‘ಹಿರ್ಯಾರ ಮಾತು ಕೇಳಬೇಕು’ ಅಂತ ಮುಗಿಸ್ತಾರ. ಹಂಗ ಮುಗಿಸಬ್ಯಾಡ್ರಿ. ಪಟ್ಟಕ್ಕ ಬಂದಾಗ ರೆಹಬ್ಬಾಮಗ 41 ವರ್ಷ ಅಂತ ಹದಿನಾಲ್ಕನೇ ಅಧ್ಯಾಯದಾಗ ಬರದೈತಿ. ಅಂದ್ರ ಆ ‘ಹುಡುಗರು’ ಅನ್ನೋರೂ ಅವನ ವಾರಗೀಯವರು. ಇದು ವಯಸ್ಸಿನ ಮಾತಲ್ರಿ. ಗೆಳ್ಯಾರು ಅವಂಗ ಬೇಕಾದ್ದನ್ನ ಹೇಳಿದ್ರು, ಅಷ್ಟ. ನಾ ಇದನ್ನ ಹೇಳಿದಾಗ ಏಳನೇತ್ತಿ ಹುಡುಗಿ ಒಬ್ಬಾಕಿ, "ಸರ್, ಹಂಗಾದ್ರ ಮುಖ್ಯಮಂತ್ರಿ ತನ್ನ ದೋಸ್ತರನ್ನ ಮಂತ್ರಿ ಮಾಡಬಾರದು" ಅಂದ್ಲು. ಆ ವರ್ಷ ಮಂತ್ರಿ ಪಟ್ಟಿ ಬದಲಾತು.

ಇಬ್ಬರು ಮಕ್ಕಳ ಅಪ್ಪ (ಶಿವಮೊಗ್ಗ)

ನಡುವೆ ಬರುವುದಕ್ಕೆ ಕ್ಷಮಿಸಿ. ನಾವು ಹಿಂದೂಗಳು. ನನ್ನ ಇಬ್ಬರು ಮಕ್ಕಳೂ ಮಿಷನ್ ಶಾಲೆಯಲ್ಲೇ ಓದುತ್ತಿದ್ದಾರೆ. ನಾನೂ ಅಂಥದ್ದೇ ಶಾಲೆಯಲ್ಲಿ ಓದಿದವನು, ಆ ಶಾಲೆಯ ಋಣ ದೊಡ್ಡದು. ಆದರೂ ಒಂದು ಮಾತು ಹೇಳಲೇಬೇಕು.

ನಿಮ್ಮ ಕ್ಲಾಸಿನಲ್ಲಿ 36 ಮಕ್ಕಳು ಬೇರೆ ಧರ್ಮದವರು. ಅವರ ಮನೆಯವರಿಗೆ ಈ ಹತ್ತು ಪಾಠದ ವಿಷಯ ಗೊತ್ತೇ? ಮಗು ಮನೆಗೆ ಬಂದು "ಇವತ್ತು ಬೈಬಲ್ ಪಾಠ ಇತ್ತು" ಅಂದಾಗ ಕೆಲವರಿಗೆ ಏನೂ ಅನ್ನಿಸುವುದಿಲ್ಲ, ಕೆಲವರಿಗೆ ಗಾಬರಿಯಾಗುತ್ತದೆ. 2022ರಲ್ಲಿ ಬೆಂಗಳೂರಿನ ಒಂದು ಶಾಲೆಯಲ್ಲಿ ಮಕ್ಕಳು ಬೈಬಲ್ ತರುವ ವಿಷಯ ಎಷ್ಟು ದೂರ ಹೋಯಿತು ಅಂತ ಎಲ್ಲರೂ ನೋಡಿದ್ದೇವೆ. ಅದಾದ ಮೇಲೆ ಇಂಥ ಮಾತು ಬಂದರೆ ತಂದೆ ತಾಯಿ ಕಿವಿ ನಿಮಿರಿಸುತ್ತಾರೆ.

ರೆಹಬ್ಬಾಮನ ಕಥೆ ಓದಿ ನನಗೇ ಖುಷಿಯಾಯಿತು, ರಾತ್ರಿ ಮಗನಿಗೆ ಹೇಳಿದೆ. ಕಥೆಯಾಗಿ ಹೇಳಿದರೆ ನನ್ನ ತಕರಾರಿಲ್ಲ. ಪಾಠದ ಕೊನೆಗೆ ಪ್ರಾರ್ಥನೆ ಮಾಡಿಸಿದರೆ, ‘ಇವರನ್ನು ನಂಬಿದರೆ ಮಾತ್ರ ನೀನು ಒಳ್ಳೆಯವನು’ ಅನ್ನುವ ಧಾಟಿ ಬಂದರೆ, ಅಲ್ಲಿ ನನಗೆ ಅಡ್ಡಿ ಇದೆ. ಮೊದಲೇ ಕೇಳಿ, ಮೊದಲೇ ಹೇಳಿ. ಮುಚ್ಚಿಟ್ಟರೆ ಒಳ್ಳೆಯ ಪಾಠವೂ ಕೆಡುತ್ತದೆ.

ಕೊನೇ ಪೀರಿಯಡ್ ಟೀಚರ್

ಸರ್, ಕ್ಷಮೆ ಏಕೆ, ನೀವು ಬರೆದದ್ದು ಒಳ್ಳೆಯದೇ ಆಯಿತು. ನಿಜ ಹೇಳುತ್ತೇನೆ, ನಾವು ಮನೆಗಳಿಗೆ ತಿಳಿಸಿಲ್ಲ. ನನಗದು ಹೊಳೆದೇ ಇರಲಿಲ್ಲ. ನಾಳೆಯೇ ನಮ್ಮ ಹೆಡ್‌ಮಾಸ್ಟರ್ ಹತ್ತಿರ ಮಾತಾಡುತ್ತೇನೆ.

ಹಳೇ ಹೆಡ್‌ಮಾಸ್ಟರ್

ಶಿವಮೊಗ್ಗದವರು ಹೇಳಿದ್ದು ಬರೀ ಸೌಜನ್ಯದ ಮಾತಲ್ಲ, ಸಂವಿಧಾನದ ಮಾತು. 28ನೇ ವಿಧಿಯ ಪ್ರಕಾರ ಪೂರ್ತಿ ಸರ್ಕಾರಿ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧರ್ಮಬೋಧನೆ ಇಲ್ಲವೇ ಇಲ್ಲ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರುವ ಶಾಲೆಯಲ್ಲಿ ಯಾವ ಮಗುವನ್ನೂ ಪೋಷಕರ ಒಪ್ಪಿಗೆಯಿಲ್ಲದೆ ಧರ್ಮಬೋಧನೆಗೆ, ಪ್ರಾರ್ಥನೆಗೆ ಕೂರಿಸುವಂತಿಲ್ಲ. 2002ರಲ್ಲಿ ಅರುಣಾ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಧರ್ಮಗಳ ಬಗ್ಗೆ ತಿಳಿಸುವುದು ಬೇರೆ, ಧರ್ಮಬೋಧನೆ ಬೇರೆ ಅಂತ ಗೆರೆ ಎಳೆದಿದೆ. ಟೀಚರ್ ಆ ಗೆರೆಯ ಈಚೆಗೆ ನಿಲ್ಲಬೇಕು.

ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಅವರು ಬಂದದ್ದೇ ಧರ್ಮಪ್ರಚಾರಕ್ಕೆ, ಅದರಲ್ಲಿ ಮುಚ್ಚುಮರೆ ಇರಲಿಲ್ಲ. ನಾವು ಇಂದು ನಿಂತಿರುವ ಜಾಗ ಬೇರೆ. ನಮ್ಮ ಕ್ಲಾಸಿಗೆ ಎಲ್ಲರ ಮಕ್ಕಳೂ ಬರುತ್ತಾರೆ, ಅವರನ್ನು ನಮ್ಮ ಕೈಗೆ ಒಪ್ಪಿಸಿ ಹೋಗುತ್ತಾರೆ. ಆ ನಂಬಿಕೆಗೆ ತಕ್ಕ ಹಾಗೆ ನಡೆಯಬೇಕು.

ನೂರ್ ಟೀಚರ್ (ಉಳ್ಳಾಲ)

ಒಂದು ಚಿಕ್ಕ ಮಾತು. ನಿಮ್ಮ ಕ್ಲಾಸಿನ ಮುಸ್ಲಿಂ ಮಕ್ಕಳಿಗೆ ಇವರಲ್ಲಿ ಅರ್ಧ ಜನ ಅಪರಿಚಿತರಲ್ಲ. ಮೋಶೆ ನಮಗೆ ಮೂಸಾ, ಯೋಸೇಫ ಯೂಸುಫ್, ದಾವೀದ ದಾವೂದ್, ಸೊಲೊಮೋನ ಸುಲೈಮಾನ್. ಇತ್ರೋನನನ್ನು ಶುಐಬ್ ಅಂತ ಹೇಳುವವರೂ ನಮ್ಮಲ್ಲಿ ತುಂಬ ಮಂದಿ. ಮೋಶೆಯ ಕೈಯಿಂದ ಆ ಮನುಷ್ಯ ಸತ್ತದ್ದು, ಮೋಶೆ ಕ್ಷಮೆ ಕೇಳಿದ್ದು ಕುರ್‌ಆನಿನಲ್ಲೂ ಬರುತ್ತದೆ. "ನಿಮ್ಮ ಮನೆಯಲ್ಲಿ ಈ ಕಥೆ ಹೇಗೆ ಹೇಳ್ತಾರೆ?" ಅಂತ ಮಕ್ಕಳನ್ನು ಕೇಳಿ ನೋಡಿ. ಕೆಲವು ಕಡೆ ಕಥೆ ಬೇರೆ ಉಂಟು, ದಾವೂದರನ್ನು ನಾವು ನೋಡುವ ರೀತಿಯೂ ಬೇರೆ. ಯಾವುದು ಸರಿ ಅಂತ ವಾದಕ್ಕೆ ಬಿಡಬೇಡಿ, ಕೇಳಿಸಿಕೊಳ್ಳಿ, ಅಷ್ಟು ಸಾಕು.

ಸಂಡೇ ಸ್ಕೂಲ್ ಅಣ್ಣ (ಬೀದರ್)

ನಮ್ಮದು ಮೆಥೊಡಿಸ್ಟ್ ಸಭೆ. ಹಳ್ಳಿ ಚರ್ಚಿನ್ಯಾಗ ಸಂಡೇ ಸ್ಕೂಲ್ ನಡೆಸ್ತೀನಿ, ವಾರದ ದಿನ ಶಾಲೆಗೆ ಹೋಗಿ ಗಣಿತ ಹೇಳ್ತೀನಿ. ನನ್ನ ಮಟ್ಟಿಗೆ ಹತ್ತು ಪಾಠದಾಗ ಮೂರು ಪಾಠ ನೆಹೆಮೀಯನಿಗೇ ಕೊಡಬೇಕು. ಅವನು ಪ್ರವಾದಿ ಅಲ್ಲ, ಯಾಜಕ ಅಲ್ಲ, ಯುದ್ಧ ಗೆದ್ದವನೂ ಅಲ್ಲ. ಪರ್ಷಿಯಾದ ಅರಸ ಅರ್ತಷಸ್ತನಿಗೆ ಕುಡಿಯಲು ಪಾನಪಾತ್ರೆ ಕೊಡುವ ನೌಕರ. ನಮ್ಮ ಕಡೆ ಮಕ್ಕಳಿಗೆ ಇದನ್ನ ಹೇಳೋದು ಸುಲಭ. ಬಸವಣ್ಣ ಬಿಜ್ಜಳನ ಹತ್ರ ಭಂಡಾರಿ ಇದ್ದರಲ್ಲ, ಹಂಗ ಅರಮನೆ ನೌಕರಿ ಮಾಡ್ತಿದ್ದವನು ಅಂದ್ರ ತಟ್ಟನೆ ತಿಳೀತದ.

ಪಾಳುಬಿದ್ದ ಯೆರೂಸಲೇಮಿಗೆ ಬಂದು ಮೂರು ದಿನ ಏನೂ ಮಾತಾಡಲ್ಲ. ಆಮೇಲೆ ರಾತ್ರಿ ಎದ್ದು ಕೆಲವೇ ಮಂದೀನ ಕರಕೊಂಡು ಗೋಡೆ ಸುತ್ತ ಹೋಗಿ ನೋಡ್ತಾನ. ಎಲ್ಲಿ ಕುಸಿದಿದೆ, ಯಾವ ಬಾಗಿಲು ಸುಟ್ಟಿದೆ, ಎಲ್ಲಿ ಹತ್ತಿ ಬಂದ ಪ್ರಾಣಿಗೂ ದಾರಿ ಇಲ್ಲ. ನೋಡಿ ಮುಗಿಸಿದ ಮೇಲೇ ಬಾಯಿ ಬಿಟ್ಟ. ಇದನ್ನ ನಾನು ಮಕ್ಕಳಿಂದ ಮಾಡಿಸ್ತೀನಿ. ಅರ್ಧ ತಾಸು ಶಾಲೆ ಸುತ್ತ ನಡೀಬೇಕು, ಕೈಯಾಗ ನೋಟ್‌ಬುಕ್, ಒಂದು ಮಾತೂ ಆಡಬಾರದು. ಏನು ಮುರಿದದ, ಅದು ಮುರಿದಿದ್ದಕ್ಕ ಯಾರಿಗೆ ತ್ರಾಸ ಆಗ್ತದ, ಎರಡೂ ಬರೀಬೇಕು. ಈ ಎರಡನೇದು ಬಹಳ ಮುಖ್ಯ.

ಮೂರನೇ ಅಧ್ಯಾಯ ಅಂದ್ರ ಬರೀ ಹೆಸರಿನ ಪಟ್ಟಿ. ಎಲ್ಲರೂ ಹಾರಿಸಿ ಓದ್ತಾರ, ನಾನು ಅದನ್ನೇ ಓದಿಸ್ತೀನಿ. ಅಕ್ಕಸಾಲಿಗರು ಗೋಡೆ ಕಟ್ಟಿದರು, ಪರಿಮಳ ತೈಲ ಮಾಡುವವನು ಕಟ್ಟಿದ. ಶಲ್ಲೂಮ ಅನ್ನುವ ಅಧಿಕಾರಿ ತನ್ನ ಹೆಣ್ಣುಮಕ್ಕಳ ಜೊತೆ ಕಟ್ಟಿದ. ಕೆಲವರು ತಮ್ಮ ತಮ್ಮ ಮನೆ ಎದುರಿನ ಭಾಗ ಕಟ್ಟಿದರು. ತೆಕೋವ ಅನ್ನುವ ಊರಿನ ದೊಡ್ಡ ಮಂದಿ ಮಾತ್ರ ಕೆಲಸಕ್ಕ ಹೆಗಲು ಕೊಡಲಿಲ್ಲ ಅಂತ ಹೆಸರು ಹಿಡಿದು ಬರೆದಿದ್ದಾರ. ಆದರ ಅದೇ ತೆಕೋವದ ಸಾಮಾನ್ಯ ಜನ ತಮ್ಮ ಪಾಲು ಮುಗಿಸಿ ಇನ್ನೊಂದು ಪಾಲನ್ನೂ ಕಟ್ಟಿದರು. ಊರಿನ ಕಸ ಹೋಗುವ ತಿಪ್ಪೆಬಾಗಿಲನ್ನ ಕಟ್ಟಿದವನು ಯಾರು ಅಂದ್ರ ಒಂದು ಪ್ರಾಂತದ ಅಧಿಕಾರಿ, ಮಲ್ಕೀಯ. ಗೋಡೆ ಮುಗಿದದ್ದು 52 ದಿನಕ್ಕ.

ಐದನೇ ಅಧ್ಯಾಯ ದಯವಿಟ್ಟು ಬಿಡಬೇಡಿ. ಗೋಡೆ ಕೆಲಸ ಅರ್ಧದಾಗ ಇರುವಾಗ ಬಡವರು ಬಂದು ಕೂಗ್ತಾರ. ಹೊಲ ಅಡ ಇಟ್ಟೀವಿ, ಮಕ್ಕಳನ್ನ ಜೀತಕ್ಕ ಬಿಟ್ಟೀವಿ, ನಮ್ಮವರೇ ಬಡ್ಡಿ ತಿಂತಿದ್ದಾರ ಅಂತ. ನೆಹೆಮೀಯ ತಾನೂ ಸಾಲ ಕೊಟ್ಟವನು ಅಂತ ಒಪ್ಪಿಕೊಂಡು ಬಡ್ಡಿ ಬಿಡಿಸ್ತಾನ, ಹೊಲ ವಾಪಸ್ ಕೊಡಿಸ್ತಾನ. ಅಧಿಪತಿಗೆ ಸಿಗಬೇಕಾದ ಊಟದ ಭತ್ಯೆ 12 ವರ್ಷ ಮುಟ್ಟಲಿಲ್ಲ. ನಮ್ಮ ಮಕ್ಕಳ ಮನೆಯಾಗ ಸಾಲ, ಬಡ್ಡಿ, ಅಡ ಎಲ್ಲ ದಿನಾ ಕೇಳುವ ಮಾತು. ಈ ಪಾಠದ ದಿನ ಕ್ಲಾಸು ಬೇರೇನೇ ಇರ್ತದ.

ಕೆಂಪುಮಣ್ಣು (ಕೋಲಾರ)

ಬೀದರ್ ಅಣ್ಣ, ನೀವು ಬರೆದಿದ್ದು ಓದಿ ಮನಸ್ಸು ತುಂಬಿ ಬಂತು. ಆದರೆ ತಿಪ್ಪೆಬಾಗಿಲಿನ ಕಡೆ ಒಂದು ಎಚ್ಚರಿಕೆ ಹೇಳದೆ ಇರಲಾರೆ.

2023ರ ಡಿಸೆಂಬರಿನಲ್ಲಿ ನಮ್ಮ ಜಿಲ್ಲೆಯ ಒಂದು ವಸತಿ ಶಾಲೆಯಲ್ಲಿ ಮಕ್ಕಳನ್ನು ಶೌಚಗುಂಡಿಗೆ ಇಳಿಸಿದ ಸುದ್ದಿ ಇಡೀ ರಾಜ್ಯ ನೋಡಿದೆ. ಯಾವ ಮಕ್ಕಳನ್ನು ಇಳಿಸಿದ್ದರು ಅಂತಾನೂ ಎಲ್ಲರಿಗೂ ಗೊತ್ತು. ನಾನು ಆ ಸಮುದಾಯದವಳು. ನಾನು ಓದಿದ ಶಾಲೆಯಲ್ಲಿ ‘ಸೇವೆ’ ಅನ್ನುವ ಹೆಸರಲ್ಲಿ ಶೌಚಾಲಯ ತೊಳೆಯುವ ಸರದಿ ಇತ್ತು, ಆ ಸರದಿಯಲ್ಲಿ ಬರುತ್ತಿದ್ದ ಹೆಸರುಗಳು ಯಾವಾಗಲೂ ನಮ್ಮ ಕೇರಿಯವು. ಮಾಡಿಸುವ ಮುಂಚೆ ಒಂದು ಒಳ್ಳೆಯ ಕಥೆಯನ್ನೂ ಹೇಳುತ್ತಿದ್ದರು.

ಅದಕ್ಕೇ ಹೇಳೋದು. ಮಲ್ಕೀಯ ಅಧಿಕಾರಿಯಾಗಿದ್ದ, ಅದಕ್ಕೇ ಆ ಸಾಲು ದೊಡ್ಡದು. ಯೇಸು ಶಿಷ್ಯರ ಕಾಲು ತೊಳೆದದ್ದೂ ಹಾಗೇ. ಗುರು ತೊಳೆದ, ಶಿಷ್ಯರಿಂದ ತೊಳೆಸಿಕೊಳ್ಳಲಿಲ್ಲ. ಆ ಕಥೆ ಹೇಳಿ ಮಕ್ಕಳ ಕೈಗೆ ಪೊರಕೆ ಕೊಟ್ಟರೆ ಕಥೆಯನ್ನೇ ತಿರುಗಿಸಿದ ಹಾಗೆ. ಅವತ್ತು ಪೊರಕೆ ಹಿಡಿಯಬೇಕಾದವರು ಟೀಚರು, ಹೆಡ್‌ಮಾಸ್ಟರು.

ಸಂಡೇ ಸ್ಕೂಲ್ ಅಣ್ಣ (ಬೀದರ್)

ಅಕ್ಕಾ, ನೀವು ಹೇಳಿದ್ದು ನನಗ ನೇರ ತಾಗ್ತು. ನಾನು ಹಿಂದಿನ ವರ್ಷ ಈ ಪಾಠ ಆದ ಮೇಲೆ ಮಕ್ಕಳಿಂದ ಅಂಗಳ ಗುಡಿಸಿದ್ದೆ. ಅವರ ಜೊತಿ ನಾನೂ ಗುಡಿಸಿದೆ, ಆದ್ರ ಮೊದಲು ಎದ್ದು ಪೊರಕೆ ಹಿಡಿದವರು ಯಾರು, ಕಡೀಕ ಎದ್ದವರು ಯಾರು ಅಂತ ಈಗ ನೆನಪು ಮಾಡಿಕೊಂಡರ ನೀವು ಹೇಳಿದ್ದೇ ಕಾಣ್ತದ. ಈ ವರ್ಷ ಮೊದಲು ನಾನೇ, ನಮ್ಮ ಶಿಕ್ಷಕರೇ ಹಿಡೀತೀವಿ.

ಹೊಲದ ಹಾದಿ (ಹಾಸನ)

ಪುಸ್ತಿಕೆಯ ಹತ್ತು ಜನರಲ್ಲಿ ಹೆಣ್ಣುಮಕ್ಕಳು ಎಷ್ಟು ಟೀಚರ್? ನನ್ನ ಊಹೆ, ಎಸ್ತೇರ್ ಒಬ್ಬಳು. ಎಸ್ತೇರ್ ರಾಣಿ, ಅರಮನೆಯಲ್ಲಿದ್ದವಳು. ನಮ್ಮ ಹುಡುಗಿಯರಿಗೆ ಇನ್ನೂ ಹತ್ತಿರದವರು ಬೇಕು.

ಅರಣ್ಯಕಾಂಡ 27 ತೆಗೆಯಿರಿ. ಚೆಲೋಫಾದ ಅನ್ನುವವನಿಗೆ ಐದು ಹೆಣ್ಣುಮಕ್ಕಳು, ಗಂಡುಮಕ್ಕಳಿಲ್ಲ. ಅಪ್ಪ ಅರಣ್ಯದಲ್ಲೇ ತೀರಿಕೊಂಡ. ಮಹ್ಲಾ, ನೋವಾ, ಹೊಗ್ಲಾ, ಮಿಲ್ಕಾ, ತಿರ್ಚಾ, ಐದೂ ಹೆಸರು ಬರೆದಿದೆ. ಅವರು ಗುಡಾರದ ಬಾಗಿಲ ಹತ್ತಿರ ಮೋಶೆ, ಯಾಜಕ, ಕುಲದ ಮುಖಂಡರು, ಇಡೀ ಸಭೆಯ ಎದುರು ನಿಂತು ಕೇಳುತ್ತಾರೆ, ಗಂಡುಮಗ ಇಲ್ಲ ಅಂತ ನಮ್ಮಪ್ಪನ ಹೆಸರು ಯಾಕೆ ಅಳಿಯಬೇಕು? ನಮಗೂ ಭೂಮಿ ಕೊಡಿ. ಮೋಶೆ ತಕ್ಷಣ ಉತ್ತರ ಹೇಳುವುದಿಲ್ಲ. ನನಗೆ ಅವನಲ್ಲಿ ಬಹಳ ಇಷ್ಟವಾದದ್ದು ಇದು. ಗೊತ್ತಿಲ್ಲದ್ದನ್ನು ಗೊತ್ತಿದೆ ಅನ್ನಲಿಲ್ಲ, ದೇವರ ಮುಂದೆ ತೆಗೆದುಕೊಂಡು ಹೋದ. ಅವರು ಕೇಳುವುದು ಸರಿ ಅಂತ ಉತ್ತರ ಬಂತು, ಕಾನೂನೇ ಬದಲಾಯಿತು. ಮುಂದೆ 36ನೇ ಅಧ್ಯಾಯದಲ್ಲಿ ಕುಲದ ಗಂಡಸರು ಬಂದು, ಇವರು ನಮ್ಮ ಕುಲದೊಳಗೇ ಮದುವೆಯಾಗಬೇಕು ಅಂತ ಷರತ್ತು ಹಾಕಿಸಿದರು. ಅದನ್ನೂ ಹೇಳಿ, ಹುಡುಗಿಯರು ಅದರ ಬಗ್ಗೆ ಸುಮ್ಮನಿರುವುದಿಲ್ಲ.

ನಮ್ಮ ರಾಜ್ಯದಲ್ಲಿ ಹಿಂದೂ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಬಂದದ್ದು 1994ರ ತಿದ್ದುಪಡಿಯಿಂದ, ದೇಶಕ್ಕೆಲ್ಲ 2005ರಲ್ಲಿ. ನಾನು ಇದನ್ನು ಸಮಾಜ ಪಾಠದ ಜೊತೆ ಸೇರಿಸಿ ಹೇಳಿದಾಗ ಒಬ್ಬ ಹುಡುಗಿ ಕೇಳಿದಳು, "ಮಿಸ್, ನಮ್ಮ ಅತ್ತೆ ಹಕ್ಕು ಬಿಟ್ಟುಕೊಟ್ಟು ಸಹಿ ಹಾಕಿದ್ರು, ಅವರಿಗೆ ಇದು ಗೊತ್ತಿತ್ತಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಮನೆಗೆ ಹೋಗಿ ಕೇಳು ಅಂದೆ.

ಮುಂದಿನ ಬೆಂಚು (ಮೈಸೂರು)

ನಾನು ಟೀಚರ್ ಅಲ್ಲ, ಈಗ ಡಿಗ್ರಿ ಓದುತ್ತಿದ್ದೇನೆ. ಐದರಿಂದ ಹತ್ತನೇ ಕ್ಲಾಸಿನವರೆಗೆ ನಾನೇ ಕ್ಲಾಸ್ ಲೀಡರ್. ಲೀಡರ್ ಕೆಲಸ ಏನು ಅಂದರೆ ಟೀಚರ್ ಇಲ್ಲದಾಗ ಮಾತಾಡಿದವರ ಹೆಸರು ಬೋರ್ಡ್ ಮೇಲೆ ಬರೆಯುವುದು. ಜಾಸ್ತಿ ಮಾತಾಡಿದವರ ಹೆಸರಿನ ಮುಂದೆ ಇಂಟು ಮಾರ್ಕ್. ನನ್ನ ಫ್ರೆಂಡ್ಸ್ ಹೆಸರು ನಾನು ಬರೆಯುತ್ತಿರಲಿಲ್ಲ. ಒಬ್ಬ ಹುಡುಗನ ಹೆಸರನ್ನು ಅವನು ಮಾತಾಡದಿದ್ದರೂ ಬರೆದಿದ್ದೇನೆ. ಅವನು ಏಟು ತಿಂದ, ನನ್ನನ್ನು ನೋಡಿದ, ಏನೂ ಹೇಳಲಿಲ್ಲ.

ಒಂಬತ್ತನೇ ಕ್ಲಾಸಿನಲ್ಲಿ ಸಿಸ್ಟರ್ ಒಬ್ಬರು ಪ್ರವಾದಿ ನಾತಾನ ಅರಸ ದಾವೀದನಿಗೆ ಹೇಳಿದ ಕಥೆ ಹೇಳಿದರು. ಒಬ್ಬ ಶ್ರೀಮಂತನಿಗೆ ಕುರಿಗಳ ಹಿಂಡೇ ಇದೆ. ಬಡವನಿಗೆ ಒಂದೇ ಕುರಿಮರಿ. ಅದು ಅವನ ತಟ್ಟೆಯಲ್ಲೇ ತಿಂದು, ಅವನ ಲೋಟದಲ್ಲೇ ಕುಡಿದು, ಅವನ ಮಗ್ಗುಲಲ್ಲೇ ಮಲಗುತ್ತಿತ್ತು. ನೆಂಟ ಬಂದಾಗ ಶ್ರೀಮಂತ ಆ ಮರಿಯನ್ನೇ ಕಿತ್ತುಕೊಂಡು ಅಡುಗೆ ಮಾಡಿಸಿದ. ಕೇಳಿದ ದಾವೀದ ಕೋಪದಿಂದ, ಅಂಥವನಿಗೆ ಸಾವೇ ಸರಿ ಅಂದ. ನಾತಾನ, ಆ ಮನುಷ್ಯ ನೀನೇ ಅಂದ. ದಾವೀದ ತನ್ನ ಸೈನಿಕ ಊರೀಯನ ಹೆಂಡತಿಯನ್ನು ತೆಗೆದುಕೊಂಡು, ಅವನನ್ನು ಯುದ್ಧದಲ್ಲಿ ಸಾಯಿಸಿದ್ದ. ಸಿಸ್ಟರ್ ಅದನ್ನು ನಮ್ಮ ವಯಸ್ಸಿಗೆ ತಕ್ಕ ಹಾಗೆ ಹೇಳಿದರು, ಮುಚ್ಚಿಡಲಿಲ್ಲ.

ನನಗೆ ಆ ಕಥೆ ಅವತ್ತು ನನಗಾಗಿಯೇ ಹೇಳಿದ ಹಾಗೆ ಇತ್ತು. ಮರುದಿನ ಆ ಹುಡುಗನ ಹತ್ತಿರ ಹೋಗಿ ಹೇಳಿದೆ. ಅವನು "ಗೊತ್ತು ಬಿಡೋ" ಅಂದ, ಅಷ್ಟೇ. ದಾವೀದನ ಕಥೆಯನ್ನು ದೈತ್ಯ ಗೊಲ್ಯಾತನನ್ನು ಗೆದ್ದಲ್ಲಿಗೇ ನಿಲ್ಲಿಸಿಬಿಟ್ಟಿದ್ದರೆ ನಾನು ಅವನ ಹತ್ತಿರ ಹೋಗುತ್ತಲೇ ಇರಲಿಲ್ಲ.

ಸಾಲಿ ಮಾಸ್ತರ (ಧಾರವಾಡ)

ತಮ್ಮಾ, ಭಾಳ ಛಲೋ ಬರದಿ.

ಟೀಚರ್, ನಿಮ್ಮಲ್ಲಿ ಚುನಾವಣಿ ಇನ್ನೂ ಆಗಿಲ್ಲ ಅಂದ್ರ ಯೋತಾಮನ ಗಿಡಗಳ ಕಥಿ ಆಡಸ್ರಿ, ನ್ಯಾಯಸ್ಥಾಪಕರು, ಒಂಬತ್ತನೇ ಅಧ್ಯಾಯ. ಗಿಡಗಳೆಲ್ಲಾ ಕೂಡಿ ಅರಸನ್ನ ಹುಡುಕ್ತಾವ. ಎಣ್ಣೀಮರ ಒಲ್ಲೆ ಅಂತೈತಿ, ಅಂಜೂರ ಒಲ್ಲೆ, ದ್ರಾಕ್ಷಿಬಳ್ಳಿ ಒಲ್ಲೆ. ಕಡೀಕ ಮುಳ್ಳಿನ ಪೊದಿ ‘ಬರ್ರಿ, ನನ್ನ ನೆರಳಾಗ ಕುಂಡ್ರಿ’ ಅಂತೈತಿ. ನಮ್ಮಲ್ಲಿ ಶಾಣ್ಯಾ ಮಕ್ಕಳು ಅಭ್ಯಾಸ ಕೆಡ್ತೈತಿ ಅಂತ ಚುನಾವಣಿಗೆ ನಿಲ್ಲೂದಿಲ್ಲ. ಆ ಮೂರು ಗಿಡ ಮಾಡಿದ್ದು ಸರಿಯೋ ತಪ್ಪೋ ಅಂತ ಕೇಳ್ರಿ. ಒಂದು ಪೀರಿಯಡ್ ಸಾಲೂದಿಲ್ಲ.

ಕೊನೇ ಪೀರಿಯಡ್ ಟೀಚರ್

ಆರು ವಾರ ಆಯಿತು, ಹಿಂದಿರುಗಿ ಬರೆಯುತ್ತಿದ್ದೇನೆ.

ಮೊದಲು ಮನೆಗಳ ವಿಷಯ. ಹತ್ತು ಪಾಠದಲ್ಲಿ ಏನೇನು ಇದೆ, ಪ್ರಾರ್ಥನೆ ಇರುವುದಿಲ್ಲ, ಬೇಡವಾದರೆ ಮಗು ಆ ಹೊತ್ತಿನಲ್ಲಿ ಲೈಬ್ರರಿಯಲ್ಲಿ ಕೂರಬಹುದು ಅಂತ ಚೀಟಿ ಕಳಿಸಿದೆವು. ಇಬ್ಬರು ಬೇಡ ಅಂದರು, ಅವರು ಲೈಬ್ರರಿಗೆ ಹೋಗುತ್ತಾರೆ. ಒಬ್ಬರು ಅಪ್ಪ ಸ್ವತಃ ಬಂದು ಹಿಂದೆ ಕೂತು ಪಾಠ ಕೇಳಿ ಹೋದರು.

ಕಿಟಕಿ ಪಕ್ಕದ ಹುಡುಗನಿಗೆ ಎಲ್ಲರ ಎದುರೇ ಹೇಳಿದೆ. ನಿನ್ನ ಅಜ್ಜಿ ಹೇಳಿದ್ದು ಸರಿ, ನಾನು ಅವತ್ತು ಉತ್ತರ ತಪ್ಪಿಸಿಕೊಂಡೆ ಅಂತ. ಆಮೇಲೆ ಹೆಡ್‌ಮಾಸ್ಟರ್ ಸರ್ ಹೇಳಿದ ಸಾಲಿನ ಆಟ ಆಡಿಸಿದೆವು. ಆಟ ಮುಗಿದ ಮೇಲೆ ಅವನೇ ಎದ್ದು ಕೇಳಿದ, "ಟೀಚರ್, ಇತ್ರೋನ ಬರದೇ ಇದ್ದಿದ್ರೆ ಮೋಶೆಗೆ ಯಾರು ಹೇಳ್ತಿದ್ರು? ಸಾಲಲ್ಲಿ ನಿಂತವರು ಯಾಕೆ ಹೇಳ್ಲಿಲ್ಲ?" ಆ ಪೀರಿಯಡ್ಡೆಲ್ಲ ಅದೇ ಮಾತು. ಹೆದರಿಕೆ ಅಂತ ಕೆಲವರು, ಅವರವರ ಸರದಿ ಬಂದರೆ ಸಾಕು ಅಂತ ಇರ್ತಾರೆ ಅಂತ ಕೆಲವರು.

ನೆಹೆಮೀಯನ ನಡಿಗೆ ಮಾಡಿದೆವು. ಮಳೆ ಬಿಟ್ಟ ಒಂದು ಸಂಜೆ, ಅರ್ಧ ಗಂಟೆ, ಮಾತಿಲ್ಲ. ಗಂಡುಮಕ್ಕಳು ಸೋರುವ ನಲ್ಲಿ, ಕಿತ್ತುಹೋದ ಮೆಟ್ಟಿಲು, ಬಿಸಿಯೂಟದ ಕೋಣೆಯ ಹೊಗೆ ಬರೆದಿದ್ದರು. ಹನ್ನೆರಡು ಹುಡುಗಿಯರ ನೋಟ್‌ಬುಕ್ಕಿನಲ್ಲಿ ಒಂದೇ ವಿಷಯ ಇತ್ತು. ಹೆಣ್ಣುಮಕ್ಕಳ ಶೌಚಾಲಯದ ಎರಡನೇ ಬಾಗಿಲಿಗೆ ಒಳಗಿನಿಂದ ಚಿಲಕ ಇಲ್ಲ. ಯಾರಿಗೆ ತೊಂದರೆ ಅನ್ನುವಲ್ಲಿ ಒಬ್ಬಳು ಬರೆದಿದ್ದಳು, "ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲಬೇಕು. ಫ್ರೆಂಡ್ ರಜೆ ಇದ್ದ ದಿನ ನಾನು ನೀರು ಕುಡಿಯುವುದಿಲ್ಲ." ಈ ಶಾಲೆಯಲ್ಲಿ ನನಗೆ ಹನ್ನೊಂದನೇ ವರ್ಷ. ಆ ಬಾಗಿಲ ಮುಂದೆ ದಿನಾ ಓಡಾಡಿದ್ದೇನೆ.

ಮುಂದಿನ ವಾರ ಚೆಲೋಫಾದನ ಮಕ್ಕಳ ಪಾಠ. ಮುಗಿದ ಮೇಲೆ ನಾನು ಏನೂ ಹೇಳಲಿಲ್ಲ. ಐದು ಹುಡುಗಿಯರು ಅವರೇ ಮಾತಾಡಿಕೊಂಡು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತರು. ಮೂರು ಧರ್ಮದವರು. ಅವರಲ್ಲಿ ಎತ್ತರದವಳ ಕೈ ನಡುಗುತ್ತಿತ್ತು, ಪುಸ್ತಕವನ್ನು ಎದೆಗೆ ಒತ್ತಿ ಹಿಡಿದಿದ್ದಳು. ನಮ್ಮ ಹೆಡ್‌ಮಾಸ್ಟರ್ ಪೂರ್ತಿ ಕೇಳಿಸಿಕೊಂಡರು. ಇದು ನನಗೆ ಗೊತ್ತಿರಲಿಲ್ಲ ಮಗಾ ಅಂದರು. ಶನಿವಾರ ಬಡಗಿ ಬಂದು ಚಿಲಕ ಹಾಕಿ ಹೋದ. ಕೋಲಾರದವರು ಹೇಳಿದ್ದನ್ನೂ ಮರೆತಿಲ್ಲ. ಸೋಮವಾರ ಆ ಶೌಚಾಲಯ ತೊಳೆದದ್ದು ನಾನು ಮತ್ತು ನಮ್ಮ ಪಿ.ಟಿ. ಮೇಡಂ, ಮಕ್ಕಳಲ್ಲ.

ನಾತಾನನ ಪಾಠ ಹೋದ ವಾರ ಆಯಿತು. ಮಕ್ಕಳು ಕೇಳಿದರು, ನಿಮಗೂ ಹೇಳಬಹುದಾ ಟೀಚರ್ ಅಂತ. ಮೇಜಿನ ಮೇಲೆ ಒಂದು ನೋಟ್‌ಬುಕ್ ಇಟ್ಟು ಹೆಸರು ಬರೆಯುವುದು ಬೇಡ ಅಂದೆ. ಮೊದಲ ಪುಟದಲ್ಲಿ ಬಂದದ್ದು ಇದು: "ಟೀಚರ್, ನೀವು ಕೊನೇ ಎರಡು ಬೆಂಚಿಗೆ ಪ್ರಶ್ನೆ ಕೇಳುವುದೇ ಇಲ್ಲ." ಈಗ ಹಿಂದಿನಿಂದ ಶುರು ಮಾಡುತ್ತಿದ್ದೇನೆ. ಮೊದಮೊದಲು ಅವರು ಮಿಕಮಿಕ ನೋಡುತ್ತಿದ್ದರು, ನಿನ್ನೆ ಒಬ್ಬ ಕೈ ಎತ್ತಿದ.

ಬರುವ ಶುಕ್ರವಾರ ಯೇಸುವಿನ ಶಿಷ್ಯ ಪೇತ್ರ. ಬೆಂಕಿ ಕಾಯಿಸಿಕೊಳ್ಳುತ್ತಾ ಮೂರು ಸಲ ‘ಅವನನ್ನು ನಾನರಿಯೆ’ ಅಂದು, ಕೋಳಿ ಕೂಗಿದ ಮೇಲೆ ಹೊರಗೆ ಹೋಗಿ ಅಳುವ ಭಾಗ. ಅಲ್ಲಿಂದ ಅವನು ಮತ್ತೆ ಎದ್ದು ನಿಂತದ್ದನ್ನು ಎಂಟನೇ ಕ್ಲಾಸಿಗೆ ಹೇಗೆ ಹೇಳ್ತೀರಿ? ಯಾರಾದರೂ ಆಡಿಸಿದ್ದರೆ ಗುರುವಾರದೊಳಗೆ ಬರೆಯಿರಿ.